ಮೊಳಕೆ ರಾಗಿ, ಈಸ್ಟ್, ಬಾಳೆಹಣ್ಣು: ಪ್ರೌಢಶಾಲೆಯಲ್ಲಿ ಜೀವರಸಾಯನ ಕಲಿಸುವ ಕ್ರಮ

ಜೈವಿಕ ಅಣುಗಳು ಒಂದು ಪಾಠ, ಕಿಣ್ವ (ಎನ್‌ಜೈಮ್, ಜೀವಕೋಶದ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನ್) ಇನ್ನೊಂದು, ಡಿಎನ್‌ಎ ಮತ್ತೊಂದು, ಚಯಾಪಚಯ (ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳು) ಕೊನೆಗೆ. ಹೀಗೆ ಬಿಡಿಬಿಡಿಯಾಗಿ ಹೇಳಿಕೊಟ್ಟರೆ ಮಕ್ಕಳು ನಾಲ್ಕು ಪಟ್ಟಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇಲ್ಲಿರುವ ಕ್ರಮದಲ್ಲಿ ಕಿಣ್ವ ನಡುವೆ ಕೂರುತ್ತದೆ, ಇಡೀ ಘಟಕ ಪಿಷ್ಟದ ಬೆನ್ನುಹತ್ತಿ ಹೋಗುತ್ತದೆ. ಗಂಜಿಯಲ್ಲಿದ್ದ ಪಿಷ್ಟ ಎಲ್ಲಿ ಹೋಯಿತು? ಅದನ್ನು ಒಡೆದದ್ದು ಯಾವುದು? ಒಡೆಯುವ ಆ ಪ್ರೋಟೀನನ್ನು ಮಾಡುವ ಬಗೆ ಎಲ್ಲಿ ಬರೆದಿದೆ? ಒಡೆದು ಸಿಕ್ಕ ಸಕ್ಕರೆಯಿಂದ ಜೀವಕೋಶಕ್ಕೇನು ಲಾಭ? ನಾಲ್ಕು ಪಾಠಗಳೂ ಈ ನಾಲ್ಕು ಪ್ರಶ್ನೆಗಳೊಳಗೇ ಇವೆ.

40 ನಿಮಿಷದ ಎಂಟು ಪೀರಿಯಡ್ ಬೇಕು, ಅವುಗಳಲ್ಲಿ ಎರಡು ಒಟ್ಟಿಗೆ ಸಿಕ್ಕರೆ ಒಳ್ಳೆಯದು. ಐದಾರು ಮಕ್ಕಳಿಗೊಂದು ಗುಂಪು. ದೊಡ್ಡ ಪ್ರಯೋಗಾಲಯ ಬೇಡ. ಆದರೆ ಸಿದ್ಧತೆ ಒಂದು ವಾರ ಮೊದಲೇ ಶುರುವಾಗಬೇಕು, ಯಾಕೆಂದರೆ ರಾಗಿ ಮೊಳಕೆ ಬರಬೇಕು.

ಒಂದು ವಾರ ಮುಂಚೆ: ರಾಗಿ

250 ಗ್ರಾಂ ರಾಗಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಎರಡು ದಿನದಲ್ಲಿ ಮೊಳಕೆ ಅರ್ಧದಿಂದ ಒಂದು ಸೆಂಟಿಮೀಟರ್ ಆಗುತ್ತದೆ. ತೆಳ್ಳಗೆ ಹರಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ ಪುಡಿ ಮಾಡಿ, ಜಾರ್ ಬಿಸಿಯಾಗದಿರಲಿ.

ಹುರಿಯಬಾರದು. ಮನೆಯಲ್ಲಿ ರಾಗಿ ಮಾಲ್ಟ್ ಮಾಡುವವರು ಘಮ ಬರಲೆಂದು ಮೊಳಕೆ ರಾಗಿಯನ್ನು ಹುರಿದೇ ಬೀಸಿಸುತ್ತಾರೆ, ಅಂಗಡಿಯ ಪ್ಯಾಕೆಟ್ಟುಗಳೂ ಹಲವು ಹುರಿದವೇ. ಅಂಥ ಹಿಟ್ಟಿನಲ್ಲಿ ಕಿಣ್ವ ಉಳಿದಿರುವುದಿಲ್ಲ, ಪ್ರಯೋಗ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. ಜೊತೆಗೆ ಮೊಳಕೆ ಬರಿಸದ ಮಾಮೂಲಿ ರಾಗಿ ಹಿಟ್ಟನ್ನೂ 50 ಗ್ರಾಂ ತೆಗೆದಿಡಿ. ಅದರ ಕೆಲಸ ಡಿಎನ್‌ಎ ಪಾಠದಲ್ಲಿ.

ಮೊದಲ ಎರಡು ಪೀರಿಯಡ್: ಯಾವುದರಲ್ಲಿ ಏನಿದೆ

ಕಾರ್ಬೊಹೈಡ್ರೇಟ್, ಪ್ರೋಟೀನ್, ಕೊಬ್ಬು ಎಂಬ ವರ್ಗೀಕರಣ ಬೋರ್ಡಿನ ಮೇಲೆ ಬರುವ ಮೊದಲೇ ಪರೀಕ್ಷೆಗಳು ನಡೆಯಲಿ. ಅನ್ನದ ಗಂಜಿ, ಬೆಲ್ಲದ ನೀರು, ಸಕ್ಕರೆ ನೀರು, ಹಾಲು, ತೊಗರಿಬೇಳೆ ನೆನೆಸಿ ರುಬ್ಬಿ ಸೋಸಿದ ನೀರು, ಕಡಲೆಕಾಯಿ ಬೀಜ, ಇಷ್ಟು ಸಾಕು. ಮೊಟ್ಟೆಯ ಬಿಳಿ ಒಳ್ಳೆಯ ಪ್ರೋಟೀನ್ ಮಾದರಿ. ಮೊಟ್ಟೆ ಬೇಡವೆನ್ನುವ ಶಾಲೆಯಲ್ಲಿ ಐದು ಪಟ್ಟು ನೀರು ಬೆರೆಸಿದ ಹಾಲು ಸಾಕಾಗುತ್ತದೆ.

ಪಿಷ್ಟಕ್ಕೆ ಅಯೋಡಿನ್. ಮೆಡಿಕಲ್ ಶಾಪಿನ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ಹತ್ತು ಪಟ್ಟು ನೀರು ಬೆರೆಸಿದರೆ ನಡೆಯುತ್ತದೆ. ಬಣ್ಣ ತಿಳಿ ಡಿಕಾಕ್ಷನ್ ಹಾಗಿರಲಿ, ಗಾಢವಾದರೆ ಕಂದೇ ಎಲ್ಲವನ್ನೂ ಮುಚ್ಚುತ್ತದೆ. ಪಿಷ್ಟದಲ್ಲಿರುವ ಅಮೈಲೋಸ್ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ನೀಲಿಗಪ್ಪು ಬರುತ್ತದೆ. ಬಿಸಿ ಮಾಡಿದರೆ ಆ ಬಣ್ಣ ಮಾಯ, ಆರಿದರೆ ಮತ್ತೆ ಹಾಜರ್. ಇದನ್ನು ಮಕ್ಕಳಿಗೆ ಈಗಲೇ ತೋರಿಸಿ. ಮುಂದೆ ಯಾರಾದರೂ ಬಿಸಿ ನಳಿಕೆಗೇ ಅಯೋಡಿನ್ ಹಾಕಿ ‘ಪಿಷ್ಟ ಹೋಯಿತು ಸಾರ್’ ಎಂದಾಗ ಬೇಕಾಗುತ್ತದೆ.

ಸಕ್ಕರೆಗೆ ಬೆನೆಡಿಕ್ಟ್ ದ್ರಾವಣ. 2 ಮಿ.ಲೀ. ದ್ರಾವಣಕ್ಕೆ 8 ಹನಿ ಮಾದರಿ ಹಾಕಿ ಕುದಿಯುವ ನೀರಿನ ಬೀಕರಿನಲ್ಲಿ ಐದು ನಿಮಿಷ ಇಡಿ. ನೇರ ಉರಿಗೆ ಹಿಡಿದರೆ ದ್ರವ ಚಿಮ್ಮಿ ಮುಖಕ್ಕೆ ಹಾರುತ್ತದೆ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು, ಈ ಕ್ರಮದಲ್ಲಿ ಸಕ್ಕರೆಯ ಪ್ರಮಾಣ ಏರುತ್ತದೆ. ಮಕ್ಕಳು ಬೆರಗಾಗುವುದು ಬಿಳಿ ಸಕ್ಕರೆಯನ್ನು ಪರೀಕ್ಷಿಸಿದಾಗ: ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಬಿಳಿ ಸಕ್ಕರೆಯೆಂದರೆ ಸುಕ್ರೋಸ್, ಅದು ಬೆನೆಡಿಕ್ಟ್ ಬಣ್ಣ ಬದಲಿಸುವ ಅಪಕರ್ಷಕ ಸಕ್ಕರೆಯಲ್ಲ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸ್ವಲ್ಪ ಸೇರಿರುವುದರಿಂದ ಅದು ಬಣ್ಣ ಕೊಡುತ್ತದೆ. ಕಾರಣವನ್ನು ನೀವು ಹೇಳುವ ಮೊದಲು ಐದು ನಿಮಿಷ ಅವರೇ ವಾದ ಮಾಡಲಿ.

ಪ್ರೋಟೀನಿಗೆ ಬೈಯುರೆಟ್: 2 ಮಿ.ಲೀ. ಮಾದರಿಗೆ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ 2 ಮಿ.ಲೀ., ಮೇಲೆ ಶೇ. 1ರ ಮೈಲುತುತ್ತದ ದ್ರಾವಣ ಮೂರೇ ಹನಿ. ಬಿಸಿ ಮಾಡುವುದಿಲ್ಲ. ಪ್ರೋಟೀನಿದ್ದರೆ ನೇರಳೆ ಬಣ್ಣ ಬರುತ್ತದೆ. ಮೈಲುತುತ್ತ ಜಾಸ್ತಿಯಾದರೆ ನೀಲಿ ಗಸಿ ಕಟ್ಟಿ ನೇರಳೆಯನ್ನು ಮರೆಮಾಡುತ್ತದೆ, ವಿಫಲವಾದ ಬೈಯುರೆಟ್‌ಗಳಲ್ಲಿ ಹೆಚ್ಚಿನವು ಹೀಗೇ ಕೆಟ್ಟವು. ಸೋಡಿಯಂ ಹೈಡ್ರಾಕ್ಸೈಡನ್ನು ಶಿಕ್ಷಕರೇ ಕನ್ನಡಕ ಹಾಕಿಕೊಂಡು ಹನಿಸಲಿ. ಕೊಬ್ಬಿಗೆ ಕಡಲೆಕಾಯಿ ಬೀಜವನ್ನು ಕಾಗದಕ್ಕೆ ಉಜ್ಜಿ, ಪಕ್ಕದಲ್ಲಿ ನೀರಿನ ಕಲೆ ಮಾಡಿ ಒಣಗಲು ಬಿಟ್ಟರಾಯಿತು, ನೀರಿನ ಕಲೆ ಹೋಗುತ್ತದೆ, ಎಣ್ಣೆಯದ್ದು ಉಳಿಯುತ್ತದೆ.

ಮೂರು, ನಾಲ್ಕನೇ ಪೀರಿಯಡ್: ಅಮೈಲೇಸ್

ಪಿಷ್ಟವನ್ನು ಒಡೆಯುವ ಕಿಣ್ವವೇ ಅಮೈಲೇಸ್. ಘಟಕದ ಬೆನ್ನೆಲುಬು ಇದು, ಆತುರ ಬೇಡ.

ಕಿಣ್ವದ ಸಾರಕ್ಕೆ 10 ಗ್ರಾಂ ಮೊಳಕೆ ರಾಗಿ ಹಿಟ್ಟನ್ನು 50 ಮಿ.ಲೀ. ತಣ್ಣೀರಿನಲ್ಲಿ ಹಾಕಿ 15 ನಿಮಿಷ ಆಗಾಗ ಕಲಕಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಹತ್ತಿಯ ಮೂಲಕ ಇನ್ನೊಮ್ಮೆ ಸೋಸಿ. ಈ ಸಾರದ ಒಂದು ಹನಿಗೆ ಅಯೋಡಿನ್ ಹಾಕಿ ನೋಡಿ. ನೀಲಿಯಾದರೆ ಹಿಟ್ಟಿನ ಪಿಷ್ಟವೇ ಸೋಸಿ ಬಂದಿದೆ, ಕಾಲು ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮಾಮೂಲಿ ರಾಗಿ ಹಿಟ್ಟಿನಿಂದಲೂ ಇದೇ ರೀತಿ ಸಾರ ತೆಗೆಯಿರಿ.

ಪಿಷ್ಟದ ದ್ರಾವಣಕ್ಕೆ ರಾಗಿ ಬೇಡ, ಅದರ ಬಣ್ಣ ಅಡ್ಡ ಬರುತ್ತದೆ. 1 ಗ್ರಾಂ ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು ಒಟ್ಟು 200 ಮಿ.ಲೀ. ಮಾಡಿ ಎರಡು ನಿಮಿಷ ಕುದಿಸಿ ಆರಿಸಿ.

ಪ್ರತಿ ಗುಂಪಿಗೆ ಐದು ಪ್ರನಾಳ, ಪ್ರತಿಯೊಂದಕ್ಕೆ 10 ಮಿ.ಲೀ. ಪಿಷ್ಟದ ದ್ರಾವಣ. ಮೊದಲನೆಯದಕ್ಕೆ ಮೊಳಕೆ ರಾಗಿಯ ಸಾರ 1 ಮಿ.ಲೀ., ಎರಡನೆಯದಕ್ಕೆ ಅದೇ ಸಾರವನ್ನು ಹತ್ತು ನಿಮಿಷ ಕುದಿಸಿ ಆರಿಸಿದ್ದು, ಮೂರನೆಯದಕ್ಕೆ ಬರೀ ನೀರು, ನಾಲ್ಕನೆಯದಕ್ಕೆ ಮೊಳಕೆ ಬರಿಸದ ರಾಗಿಯ ಸಾರ. ಈ ನಾಲ್ಕೂ ಸುಮಾರು 60° ಸೆಲ್ಸಿಯಸ್ ನೀರಿನಲ್ಲಿ ನಿಲ್ಲಲಿ. ಐದನೆಯದನ್ನು ಮೊದಲು ಮಂಜುಗಡ್ಡೆಯಲ್ಲಿ ಚೆನ್ನಾಗಿ ತಂಪು ಮಾಡಿ, ಆಮೇಲೆ ಮೊಳಕೆ ಸಾರ ಹಾಕಿ ಅಲ್ಲೇ ಬಿಡಿ. ಥರ್ಮಾಮೀಟರ್ ಸಾಲದಿದ್ದರೆ ಕುದಿಯುವ ನೀರು, ನಲ್ಲಿ ನೀರು ಸಮಸಮ ಬೆರೆಸಿ, 60ರ ಆಸುಪಾಸು ಬರುತ್ತದೆ. ದೇಹದ ಉಷ್ಣತೆ ಬೇಕಾದಾಗ ಒಂದು ಪಾಲು ಕುದಿನೀರಿಗೆ ಐದು ಪಾಲು ನಲ್ಲಿ ನೀರು.

ಬಿಳಿ ಟೈಲ್ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟು ನಿಮಿಷಕ್ಕೊಮ್ಮೆ ಪ್ರತಿ ನಳಿಕೆಯಿಂದ ಒಂದೊಂದು ಹನಿ ಸೇರಿಸುತ್ತ ಹೋಗಬೇಕು. ಒಂದು ನಳಿಕೆಯ ಡ್ರಾಪರ್ ಇನ್ನೊಂದಕ್ಕೆ ಹೋಗಬಾರದು, ಕಿಣ್ವದ ಒಂದು ಹನಿ ದಾರಿ ತಪ್ಪಿದರೂ ಹೋಲಿಕೆ ಕೆಡುತ್ತದೆ. ಮೊದಲ ನಳಿಕೆಯಲ್ಲಿ ನೀಲಿ ನೇರಳೆಯಾಗಿ, ಕೆಂಗಂದಾಗಿ, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ನಡುವಿನ ಕೆಂಗಂದನ್ನು ಹಾರಿಸಿಬಿಡಬೇಡಿ: ಉದ್ದ ಸರಪಳಿ ಒಮ್ಮೆಲೇ ಸಕ್ಕರೆಯಾಗುವುದಿಲ್ಲ, ತುಂಡುತುಂಡಾಗುತ್ತ ಹೋಗುತ್ತದೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದೇ.

ನಾಲ್ಕರಿಂದ ಎಂಟು ನಿಮಿಷದಲ್ಲಿ ನೀಲಿ ಹೋದರೆ ಹದ ಸರಿಯಿದೆ. ಒಂದೇ ನಿಮಿಷಕ್ಕೆ ಮುಗಿದರೆ ಸಾರಕ್ಕೆ ಐದು ಪಟ್ಟು ನೀರು ಬೆರೆಸಿ. ಕಾಲು ಗಂಟೆಯಾದರೂ ನೀಲಿ ಉಳಿದರೆ ಸಾರ ಎರಡರಷ್ಟು ಮಾಡಿ. ಹಿಂದಿನ ಸಂಜೆ ಒಮ್ಮೆ ನೀವೇ ಮಾಡಿ ಹದ ನೋಡಿಕೊಳ್ಳುವುದಕ್ಕೆ ಬದಲಿ ಇಲ್ಲ.

ಹತ್ತು ನಿಮಿಷದ ನಂತರ ಮಂಜಿನ ನಳಿಕೆಯನ್ನು ಬಿಸಿನೀರಿಗೆ ವರ್ಗಾಯಿಸಿ. ಅದು ಕೆಲಸ ಶುರು ಮಾಡುತ್ತದೆ. ಕುದಿಸಿದ ಸಾರ ಏನು ಮಾಡಿದರೂ ಎಚ್ಚೆತ್ತುಕೊಳ್ಳುವುದಿಲ್ಲ. ಚಳಿಗೆ ಅಣುಗಳ ಓಡಾಟ ನಿಧಾನವಾಗುತ್ತದೆ ಅಷ್ಟೇ, ಕುದಿಸಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿ, ಪಿಷ್ಟ ಬಂದು ಕೂರುವ ಜಾಗ, ಅಂದರೆ ಕ್ರಿಯಾತಾಣವೇ ಇಲ್ಲವಾಗುತ್ತದೆ. ಕಿಣ್ವ ಬೀಗ, ಅದಕ್ಕೆ ಸರಿಹೊಂದುವ ಅಣು ಕೀಲಿ ಎಂಬ ಬೀಗ–ಕೀಲಿಯ ಚಿತ್ರವನ್ನು ಇಲ್ಲಿ ಬರೆಯಬಹುದು. ಅದು ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ 1894ರಲ್ಲಿ ಕೊಟ್ಟದ್ದು. ಕಿಣ್ವವೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ ಎಂಬ ತಿದ್ದುಪಡಿ ಬಂದದ್ದು 1958ರಲ್ಲಿ, ಕೋಶ್‌ಲ್ಯಾಂಡ್ ಅವರಿಂದ. ಬೀಗವನ್ನು ಮಾತ್ರ ಹೇಳಿ ನಿಲ್ಲಿಸಿದರೆ ಕಿಣ್ವ ಕಬ್ಬಿಣದಂತೆ ಗಟ್ಟಿ ಎಂದು ಮಕ್ಕಳು ಅಂದುಕೊಳ್ಳುತ್ತಾರೆ.

ಕೊನೆಗೆ ಮೊದಲ ಮೂರು ನಳಿಕೆಗಳಿಗೆ ಬೆನೆಡಿಕ್ಟ್ ಪರೀಕ್ಷೆ ಮಾಡಿ. ಕುದಿಸಿದ ಸಾರದ ನಳಿಕೆಯೂ ಸ್ವಲ್ಪ ಹಸಿರೋ ಹಳದಿಯೋ ಆದೀತು, ಮೊಳಕೆಯಲ್ಲಿ ಮೊದಲೇ ಇದ್ದ ಸಕ್ಕರೆ ಅದು. ಮೊದಲನೆಯದು ಅದಕ್ಕಿಂತ ಎಷ್ಟು ಕೆಂಪಾಯಿತು ಎನ್ನುವುದಷ್ಟೇ ಲೆಕ್ಕ. ಬೆನೆಡಿಕ್ಟ್ ಇಲ್ಲವೆಂದು ಗ್ಲೂಕೋಸ್ ಪಟ್ಟಿ ಬಳಸಲು ಹೋಗಬೇಡಿ. ಅಮೈಲೇಸಿನಿಂದ ಮುಖ್ಯವಾಗಿ ಸಿಗುವುದು ಮಾಲ್ಟೋಸ್, ಪಟ್ಟಿ ಗುರುತಿಸುವುದು ಗ್ಲೂಕೋಸನ್ನು ಮಾತ್ರ.

ಆಮ್ಲ, ಕ್ಷಾರದ ಪರಿಣಾಮವನ್ನೂ ನೋಡೋಣ ಎಂದು ಯಾವುದಾದರೂ ಗುಂಪು ನಿಂಬೆರಸ ತಂದೇ ತರುತ್ತದೆ. ನಿಂಬೆಯ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆಯುತ್ತದೆ. ಪಿಷ್ಟ ಪೂರ್ತಿ ಇದ್ದರೂ ‘ಇಲ್ಲ’ ಎಂಬ ಫಲಿತಾಂಶ ಬರುತ್ತದೆ. ವಿನೆಗರ್ ಬಳಸಲಿ. ವಾಷಿಂಗ್ ಸೋಡಾದ್ದೂ ಅದೇ ತೊಂದರೆ. ಕ್ಷಾರದಲ್ಲಿ ಅಯೋಡಿನ್ ಬಣ್ಣ ಕಳೆದುಕೊಳ್ಳುತ್ತದೆ, ಹಾಗಾಗಿ ಕ್ಷಾರದ ಪ್ರಶ್ನೆಯನ್ನು ಮುಂದಿನ ಪ್ರಯೋಗಕ್ಕೆ ಬಿಡಿ.

ಪಠ್ಯಪುಸ್ತಕದ ಲಾಲಾರಸ ಪ್ರಯೋಗವನ್ನೇ ಮಾಡುವುದಾದರೆ 37°ಯಲ್ಲಿ ಮಾಡಿ. ಬಾಯಿ ಮುಕ್ಕಳಿಸಿ, 10 ಮಿ.ಲೀ. ಉಗುರುಬೆಚ್ಚಗಿನ ನೀರನ್ನು ಒಂದು ನಿಮಿಷ ಬಾಯಲ್ಲಿಟ್ಟು ಲೋಟಕ್ಕೆ ಬಿಟ್ಟರೆ ಸಾಕು. ಅವರವರ ನಳಿಕೆಯನ್ನು ಅವರೇ ಮುಟ್ಟಬೇಕು, ಅವರೇ ತೊಳೆಯಬೇಕು. ಒಬ್ಬೊಬ್ಬರ ವೇಗ ಒಂದೊಂದು. ಲಾಲಾರಸದ ಅಮೈಲೇಸ್ ಜೀನಿನ ಪ್ರತಿಗಳ ಸಂಖ್ಯೆಯೇ ಜನರಲ್ಲಿ ಬೇರೆಬೇರೆ. ಯಾರದ್ದು ಮೊದಲು ಎಂಬ ಸ್ಪರ್ಧೆ ಮಾಡಬೇಡಿ.

ಐದನೇ ಪೀರಿಯಡ್: ಆಲೂಗಡ್ಡೆ, ಹೈಡ್ರೋಜನ್ ಪೆರಾಕ್ಸೈಡ್

ಕೆಲಸ ಮುಗಿದಾಗ ಕಿಣ್ವವೂ ಖರ್ಚಾಗುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿದೆ. ಅದನ್ನು ಮಾತಿನಿಂದ ಬಿಡಿಸಲು ಆಗುವುದಿಲ್ಲ. ಮೆಡಿಕಲ್ ಶಾಪಿನ ಶೇ. 3ರ ಪೆರಾಕ್ಸೈಡ್ 5 ಮಿ.ಲೀ. ತೆಗೆದುಕೊಂಡು ಒಂದು ಸೆಂಟಿಮೀಟರಿನ ಹಸಿ ಆಲೂಗಡ್ಡೆ ಚೂರು ಹಾಕಿ. ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವುದರಿಂದ ನೊರೆ ಏರುತ್ತದೆ, ಕೆಂಡವಾಗಿರುವ ಊದುಬತ್ತಿಯನ್ನು ನಳಿಕೆಯ ಬಾಯೊಳಗೆ ಹಿಡಿದರೆ ಪ್ರಜ್ವಲಿಸುತ್ತದೆ. ನೊರೆ ಪೂರ್ತಿ ನಿಂತ ಮೇಲೆ ಇಂಥವೇ ಎರಡು ನಳಿಕೆಗಳಲ್ಲಿ ಒಂದಕ್ಕೆ ಹೊಸ ಆಲೂಗಡ್ಡೆ, ಇನ್ನೊಂದಕ್ಕೆ ಹೊಸ ಪೆರಾಕ್ಸೈಡ್ ಹಾಕಿಸಿ. ಏನಾದೀತೆಂದು ಹಾಕುವ ಮೊದಲೇ ಎಲ್ಲರೂ ಪುಸ್ತಕದಲ್ಲಿ ಬರೆದಿರಬೇಕು. ನೊರೆ ಬರುವುದು ಪೆರಾಕ್ಸೈಡ್ ಹಾಕಿದ್ದರಲ್ಲಿ.

ಅಳತೆ ಬೇಕೆಂದರೆ ಕಾಗದದ ಬಿಲ್ಲೆ. 50 ಗ್ರಾಂ ಆಲೂಗಡ್ಡೆ ತುರಿದು 100 ಮಿ.ಲೀ. ತಣ್ಣೀರಿನಲ್ಲಿ ಹಿಂಡಿ ಸೋಸಿ. ಪಂಚಿಂಗ್ ಮೆಷಿನ್ನಿನಿಂದ ಫಿಲ್ಟರ್ ಕಾಗದದ ಬಿಲ್ಲೆಗಳನ್ನು ಮಾಡಿ, ಆ ರಸದಲ್ಲಿ ಅದ್ದಿ, ಹೆಚ್ಚಿನದನ್ನು ಅಂಚಿಗೆ ಒರೆಸಿ, ಬೀಕರಿನಲ್ಲಿ 4 ಸೆಂ.ಮೀ. ಆಳವಿರುವ ಪೆರಾಕ್ಸೈಡಿನ ತಳಕ್ಕೆ ಇಕ್ಕಳದಿಂದ ಮುಟ್ಟಿಸಿ ಬಿಡಿ. ಆಮ್ಲಜನಕದ ಗುಳ್ಳೆಗಳು ಅಂಟಿಕೊಂಡು ಬಿಲ್ಲೆ ಮೇಲೇಳುತ್ತದೆ. ಏಳಲು ಹಿಡಿದ ಸೆಕೆಂಡುಗಳನ್ನು ಬರೆಯಿರಿ. ಶೇ. 3, 1.5, 0.75 ಹೀಗೆ ಪೆರಾಕ್ಸೈಡ್ ತೆಳು ಮಾಡುತ್ತ, ಪ್ರತಿಯೊಂದಕ್ಕೂ ಮೂರು ಬಿಲ್ಲೆಗಳ ಸರಾಸರಿ ತೆಗೆದು, 1 ಭಾಗಿಸು ಸಮಯವನ್ನು ಗ್ರಾಫ್ ಹಾಕಲಿ. ಅಡುಗೆ ಸೋಡಾ, ವಿನೆಗರ್ ಸೇರಿಸಿ ಪಿಎಚ್ ಪರಿಣಾಮವನ್ನೂ ಇಲ್ಲೇ ನೋಡಬಹುದು. ಒಂದು ಬಿಲ್ಲೆಯೂ ಏಳದಿದ್ದರೆ ಪೆರಾಕ್ಸೈಡ್ ಹಳತು. ತೆರೆದ ಬಾಟಲಿ ಬೆಳಕಿಗೆ ಸಿಕ್ಕಿ ತಾನಾಗಿಯೇ ನೀರಾಗಿರುತ್ತದೆ.

ಆರು, ಏಳನೇ ಪೀರಿಯಡ್: ಡಿಎನ್‌ಎ

ಜೋಡಿಸುರುಳಿಯ ಚಿತ್ರದಿಂದಲ್ಲ, ನಾಲ್ಕನೇ ನಳಿಕೆಯಿಂದ ಆರಂಭಿಸಿ. ಮೊಳಕೆ ಬರಿಸದ ರಾಗಿಯ ಸಾರ ಪಿಷ್ಟವನ್ನು ಒಡೆಯಲಿಲ್ಲ, ಅಥವಾ ತೀರಾ ನಿಧಾನವಾಗಿ ಒಡೆಯಿತು. ಎರಡೂ ಒಂದೇ ಚೀಲದ ರಾಗಿ, ಡಿಎನ್‌ಎ ಒಂದೇ. ಹಾಗಾದರೆ ಒಂದರಲ್ಲಿ ಅಮೈಲೇಸ್ ಇದೆ, ಇನ್ನೊಂದರಲ್ಲಿ ಯಾಕಿಲ್ಲ? ಬೀಜ ನೆನೆದು ಮೊಳೆಯುವಾಗ ಆ ಜೀನ್ ಓದಲ್ಪಟ್ಟು ಕಿಣ್ವ ತಯಾರಾಗುತ್ತದೆ, ಒಣಬೀಜದಲ್ಲಿ ಬರಹ ಹಾಗೇ ಮುಚ್ಚಿರುತ್ತದೆ. ಡಿಎನ್‌ಎ ಇರುವುದು ಬೇರೆ, ಅದನ್ನು ಬಳಸುವುದು ಬೇರೆ ಎಂಬುದು ಹತ್ತನೇ ತರಗತಿಗೆ ಭಾರವಾದ ವಿಷಯವಲ್ಲ, ಕೈಯಲ್ಲಿ ನಳಿಕೆ ಇದ್ದರೆ.

ಡಿಎನ್‌ಎ ಬೇರ್ಪಡಿಸುವ ಹೆಜ್ಜೆಗಳು ಹೀಗಿವೆ:

1. 90 ಮಿ.ಲೀ. ನೀರಿಗೆ 10 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಟೀ ಚಮಚ ಉಪ್ಪು. ನೊರೆ ಬರದಂತೆ ಮೆಲ್ಲಗೆ ಕದಡಿ.
2. ಅರ್ಧ ಬಾಳೆಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಿಂದ ಕಿವುಚಿ, ಈ ದ್ರಾವಣ 50 ಮಿ.ಲೀ. ಹಾಕಿ ಎರಡು ನಿಮಿಷ ಮೆಲ್ಲಗೆ ಬೆರೆಸಿ. ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಎಳೆಗಳು ತುಂಡಾಗುತ್ತವೆ.
3. 60°ಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ತಕ್ಷಣ ಮಂಜಿನಲ್ಲಿ ಐದು ನಿಮಿಷ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳ ಕೈಕಟ್ಟುವುದಕ್ಕೆ ಇದು.
4. ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ.
5. ಸೋಸಿದ್ದು 5 ಮಿ.ಲೀ. ಪ್ರನಾಳಕ್ಕೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಆಲ್ಕೊಹಾಲನ್ನು ನಳಿಕೆ ಓರೆ ಹಿಡಿದು ಗೋಡೆಯಗುಂಟ ಇಳಿಬಿಡಿ, 10 ಮಿ.ಲೀ. ಅಲುಗಾಡಿಸಬೇಡಿ.
6. ಮೂರರಿಂದ ಐದು ನಿಮಿಷದಲ್ಲಿ ಎರಡು ಪದರಗಳ ನಡುವೆ ಬಿಳಿ ನೂಲು ಏಳುತ್ತದೆ. ಮರದ ಕಡ್ಡಿಗೆ ಸುತ್ತಿ ತೆಗೆಯಿರಿ.

ಕೆಡುವುದು ಹೆಚ್ಚಾಗಿ ಐದನೇ ಹೆಜ್ಜೆಯಲ್ಲಿ. ಶೇ. 95ರ ಎಥನಾಲ್ ಶಾಲೆಗೆ ಸುಲಭವಾಗಿ ಸಿಗದು, ಐಸೊಪ್ರೊಪೈಲ್ ಆಲ್ಕೊಹಾಲ್ ಕೊಳ್ಳುವುದು ವಾಸಿ. ಶೇ. 70ರದ್ದು ಮಾತ್ರ ಸಿಕ್ಕರೆ 5 ಮಿ.ಲೀ.ಗೆ 15 ಮಿ.ಲೀ. ಹಾಕಿ, ಇಲ್ಲದಿದ್ದರೆ ಬೆರೆತ ಮೇಲೆ ತೀರಾ ತೆಳುವಾಗಿ ಡಿಎನ್‌ಎ ನೀರಿನಲ್ಲೇ ಕರಗಿ ಉಳಿಯುತ್ತದೆ. ಸ್ಯಾನಿಟೈಸರ್ ಜೆಲ್ ಬೇಡವೇ ಬೇಡ. ಕೋಣೆಯಲ್ಲಿ ಉರಿಯುವುದು ಏನೂ ಇರಬಾರದು, ಊದುಬತ್ತಿಯೂ.

ಕಡ್ಡಿಗೆ ಬಂದದ್ದು ಶುದ್ಧ ಡಿಎನ್‌ಎ ಎಂದು ಹೇಳಬೇಡಿ. ಹಣ್ಣಿನ ಪೆಕ್ಟಿನ್ ಕೂಡ ಆಲ್ಕೊಹಾಲಿನಲ್ಲಿ ಹೀಗೇ ಗಟ್ಟಿಯಾಗುತ್ತದೆ, ಪ್ರೋಟೀನೂ ಅಂಟಿರುತ್ತದೆ. ಮೆಥಿಲೀನ್ ಬ್ಲೂ ಹಾಕಿದರೂ ಬಗೆಹರಿಯದು, ಎರಡೂ ಋಣಾವೇಶದ ಅಣುಗಳಾದ್ದರಿಂದ ಎರಡೂ ಬಣ್ಣ ಹಿಡಿಯುತ್ತವೆ. ‘ಇದರಲ್ಲಿ ಡಿಎನ್‌ಎ ಇದೆ, ಬೇರೆಯವೂ ಇವೆ’ ಎಂಬ ಮಾತು ವಿಜ್ಞಾನದ ತರಗತಿಗೆ ಯೋಗ್ಯ. ಡಿಎನ್‌ಎಯ ಒಂದು ಜೋಡಿಸುರುಳಿಯ ಅಗಲ 2 ನ್ಯಾನೋಮೀಟರ್ ಮಾತ್ರ, ಕಾಣುವ ನೂಲಿನಲ್ಲಿ ಅಂಥ ಎಳೆಗಳು ಲೆಕ್ಕವಿಲ್ಲದಷ್ಟು.

ಏಳನೇ ಪೀರಿಯಡ್ ಕಾಗದ, ಪೆನ್ಸಿಲ್ಲಿನದ್ದು. ನಕಲು ತೆಗೆಯಲು ಅಚ್ಚಾಗುವ ಡಿಎನ್‌ಎ ಎಳೆಯನ್ನು ಬೋರ್ಡಿನ ಮೇಲೆ ಬರೆಯಿರಿ: ಟಿಎಸಿ–ಸಿಟಿಸಿ–ಎಎಎ–ಎಟಿಟಿ. ಅದರಿಂದ ತೆಗೆದ ನಕಲಾದ ಎಂಆರ್‌ಎನ್‌ಎಯನ್ನು ಅವರೇ ಬರೆಯಲಿ: ಎಯುಜಿ–ಜಿಎಜಿ–ಯುಯುಯು–ಯುಎಎ. ಕೋಡಾನ್ (ಒಂದು ಅಮೈನೋ ಆಮ್ಲವನ್ನೋ ನಿಲುಗಡೆಯನ್ನೋ ಸೂಚಿಸುವ ಮೂರಕ್ಷರ) ಪಟ್ಟಿ ನೋಡಿದರೆ ಮೆಥಿಯೋನಿನ್, ಗ್ಲುಟಾಮಿಕ್ ಆಮ್ಲ, ಫಿನೈಲ್‌ಅಲನಿನ್, ಆಮೇಲೆ ನಿಲುಗಡೆ. ಈಗ ಎರಡನೇ ತ್ರಿಕದ ಸಿಟಿಸಿಯನ್ನು ಸಿಟಿಟಿ ಮಾಡಿ. ಕೋಡಾನ್ ಜಿಎಎ ಆದರೂ ಅಮೈನೋ ಆಮ್ಲ ಬದಲಾಗುವುದಿಲ್ಲ. ಸಿಎಸಿ ಮಾಡಿದರೆ ಜಿಯುಜಿ ಬಂದು ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಕೂರುತ್ತದೆ. ರಕ್ತದ ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್ ಪ್ರೋಟೀನಿನ ಆರನೇ ಅಮೈನೋ ಆಮ್ಲದಲ್ಲಿ ಆಗುವ ಇದೇ ಬದಲಾವಣೆಯಿಂದ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಬರುತ್ತದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ, ನಿಮ್ಮ ತರಗತಿಯಲ್ಲೇ ಅದನ್ನು ಹೊತ್ತ ಮಗು ಇರಬಹುದು. ಸಮುದಾಯದ ಹೆಸರು ಎತ್ತದೆ, ಯಾರಿಗಿದೆ ಎಂದು ಕೇಳದೆ, ಅಕ್ಷರದ ಬದಲಾವಣೆಯಾಗಿಯೇ ಕಲಿಸಿ.

ಎಂಟನೇ ಪೀರಿಯಡ್: ಸಕ್ಕರೆ ಏನಾಯಿತು

ಈ ಪ್ರಯೋಗವನ್ನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹೂಡಿ, ಫಲ ಕಾಣುವುದು ಮಧ್ಯಾಹ್ನಕ್ಕೆ. ನಾಲ್ಕು ಬಾಟಲಿ, ಪ್ರತಿಯೊಂದಕ್ಕೂ ಒಂದು ಮಟ್ಟ ಟೀ ಚಮಚ ಒಣ ಈಸ್ಟ್, ಬಾಯಿಗೆ ಬಲೂನ್. ಬಲೂನುಗಳನ್ನು ಮೊದಲು ಎರಡು ಸಲ ಊದಿ ಸಡಿಲ ಮಾಡಿ. ಮೊದಲ ಬಾಟಲಿಯಲ್ಲಿ 200 ಮಿ.ಲೀ. ನೀರು, 10 ಗ್ರಾಂ ಸಕ್ಕರೆ. ಎರಡನೆಯದರಲ್ಲಿ 10 ಗ್ರಾಂ ಅಕ್ಕಿಹಿಟ್ಟು ಬೇಯಿಸಿದ 200 ಮಿ.ಲೀ. ಗಂಜಿ. ಮೂರನೆಯದರಲ್ಲಿ ಅಂಥದೇ ಗಂಜಿಗೆ 5 ಗ್ರಾಂ ಮೊಳಕೆ ರಾಗಿ ಹಿಟ್ಟು ಹಾಕಿ 60°ಯಲ್ಲಿ ಅರ್ಧ ಗಂಟೆ ಇಟ್ಟದ್ದು. ಗಂಜಿ ನೀರಾಗುವುದು ಕಣ್ಣಿಗೇ ಕಾಣುತ್ತದೆ. ನಾಲ್ಕನೆಯದರಲ್ಲಿ ಗಂಜಿ, ಜೊತೆಗೆ ಕುದಿಸಿದ ಮೊಳಕೆ ಹಿಟ್ಟು. ಆ ಹಿಟ್ಟನ್ನು ತಣ್ಣೀರಿನಲ್ಲಿ ಹಾಕಿ ಕಾಯಿಸಬೇಡಿ, ನೀರು ಬಿಸಿಯೇರುವ ದಾರಿಯಲ್ಲೇ ಕಿಣ್ವ ತನ್ನ ಕೆಲಸ ಮಾಡಿಬಿಡುತ್ತದೆ. ಕುದಿಯುವ ನೀರಿಗೇ ಸುರಿಯಿರಿ. ಎಲ್ಲವೂ 37°ಗೆ ಆರಿದ ಮೇಲೆಯೇ ಈಸ್ಟ್, ಬಿಸಿ ಗಂಜಿಗೆ ಹಾಕಿದರೆ ಅದು ಸತ್ತಂತೆ.

ಸಕ್ಕರೆಯ ಬಲೂನ್ ಮುಕ್ಕಾಲು ಗಂಟೆಯೊಳಗೆ ಏಳುತ್ತದೆ. ಬೇಕರಿ ಈಸ್ಟಿಗೆ ಪಿಷ್ಟ ಒಡೆಯಲು ಬಾರದು, ಬರೀ ಗಂಜಿಯದ್ದು ಜೋತುಬಿದ್ದೇ ಇರುತ್ತದೆ, ಅಥವಾ ಈಸ್ಟಿನೊಳಗಿನ ಉಳಿಕೆಯಿಂದ ಸ್ವಲ್ಪ ಏಳುತ್ತದೆ. ಮೂರನೆಯದು ಏಳುತ್ತದೆ, ಆದರೆ ತಡವಾಗಿ. ಮಾಲ್ಟೋಸನ್ನು ಒಳಗೆ ತಂದುಕೊಂಡು ಒಡೆಯುವ ಪ್ರೋಟೀನುಗಳನ್ನು ಈಸ್ಟ್ ಮೊದಲು ತಯಾರಿಸಿಕೊಳ್ಳಬೇಕು, ಅಂದರೆ ಇಲ್ಲೂ ಜೀನ್ ಓದುವ ಕೆಲಸ ನಡೆದಿದೆ. ಈ ಜೋಡಣೆಯನ್ನು ಮಕ್ಕಳೇ ಕಂಡುಹಿಡಿಯಲು ಬಿಡಿ.

ಬಲೂನಿನಲ್ಲಿರುವುದು ಇಂಗಾಲದ ಡೈಆಕ್ಸೈಡ್ ಎಂದು ತೋರಿಸಲು ಬೀಡಾ ಅಂಗಡಿಯ ಸುಣ್ಣ ಒಂದು ಚಮಚವನ್ನು ಅರ್ಧ ಲೀಟರ್ ನೀರಿನಲ್ಲಿ ಕದಡಿ ರಾತ್ರಿ ಬಿಟ್ಟು ತಿಳಿ ತೆಗೆದುಕೊಳ್ಳಿ. ಡ್ರಿಪ್ ಪೈಪಿನಿಂದ ಅನಿಲ ಹಾಯಿಸಿದರೆ ಹಾಲಿನಂತಾಗುತ್ತದೆ. ಹಾಯಿಸುತ್ತಲೇ ಹೋದರೆ ಮತ್ತೆ ತಿಳಿಯಾಗುತ್ತದೆ, ಆಗ ಗಾಬರಿ ಬೇಡ.

ಶಕ್ತಿಯ ಲೆಕ್ಕಕ್ಕೆ ಎರಡೇ ಅಂಕಿ ಸಾಕು. ಆಮ್ಲಜನಕವಿಲ್ಲದೆ ಒಂದು ಗ್ಲೂಕೋಸಿನಿಂದ 2 ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು), ಆಮ್ಲಜನಕವಿದ್ದರೆ ಸುಮಾರು 30ರಿಂದ 32. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ, ಮಕ್ಕಳ ಪರೀಕ್ಷೆಗೆ ಯಾವ ಪುಸ್ತಕವೋ ಅದರ ಸಂಖ್ಯೆಯನ್ನೂ ಹೇಳಿ. ಆಮ್ಲಜನಕವಿರುವ ಉಸಿರಾಟದ ಒಂದು ಘಟ್ಟವಾದ ಕ್ರೆಬ್ಸ್ ಚಕ್ರದ ಹೆಸರುಗಳನ್ನು ಈ ಹಂತದಲ್ಲಿ ಕಂಠಪಾಠ ಮಾಡಿಸುವುದು ವ್ಯರ್ಥ. ಉಸಿರಾಟವೆಂದರೆ ಗಾಳಿ ಎಳೆಯುವುದಷ್ಟೇ ಎಂಬ ತಪ್ಪು ತಿಳಿವಳಿಕೆ ಹೋದರೆ ಅದೇ ದೊಡ್ಡದು.

ಕಲಿತದ್ದನ್ನು ಅಳೆಯಲು

‘ಕಿಣ್ವ ಎಂದರೇನು’ ಎಂದು ಕೇಳಬೇಡಿ, ಉತ್ತರ ಗೈಡಿನಲ್ಲಿದೆ. ನಾಲ್ಕನೇ ಬಾಟಲಿ ಇಲ್ಲದಿದ್ದರೆ ಮೂರನೆಯದರ ಫಲಿತಾಂಶವನ್ನು ನಂಬಬಹುದಿತ್ತೇ ಎಂದು ಕೇಳಿ. ‘ಮೊಳಕೆ ಹಿಟ್ಟಿನಲ್ಲಿ ಮೊದಲೇ ಸಕ್ಕರೆ ಇದ್ದಿರಬಹುದು’ ಎಂದು ಬರೆದವರಿಗೆ ಪೂರ್ತಿ ಅಂಕ. ರಾಗಿ ಅಂಬಲಿ ಕುದಿಯುತ್ತಿರುವಾಗ ಮೊಳಕೆ ಹಿಟ್ಟು ಹಾಕಿದರೆ ಅದು ತೆಳುವಾಗುತ್ತದೆಯೇ, ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿದರೆ ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಕಿಣ್ವ ‘ಸತ್ತುಹೋಗುತ್ತದೆ’ ಎಂದು ಬರೆದವರಿಗೆ ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ ‘ಜೀವವೇ ಇಲ್ಲದ್ದು ಸಾಯುವುದು ಹೇಗೆ? ಆಕಾರದ ಬಗ್ಗೆ ಬರೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಡಿ.